ರಾಣಿಯ ಗೋಡೆ, ಇಲಿಯ ಬಿಲ

ಉತ್ಖನನದ ಜಾಗದಲ್ಲಿ ಎಲ್ಲರೂ ಅವಳನ್ನು ಬೋಕಿ ಎಂದೇ ಕರೆಯುತ್ತಿದ್ದರು. ಒಡೆದ ಮಡಕೆಯ ಚೂರನ್ನು, ಅಂದರೆ ಬೋಕಿಯನ್ನು, ಬೆರಳಲ್ಲಿ ಸವರಿ ಅದು ಯಾವ ಕಾಲದ್ದೆಂದು ಹೇಳುವುದು ಅವಳ ಕೆಲಸ. ಅದಕ್ಕಿಂತ ಇಷ್ಟದ ಕೆಲಸವೆಂದರೆ ಅಲ್ಲಗಳೆಯುವುದು. ಬೈಬಲ್‌ನಲ್ಲಿ ಬರುವವರ ಗುರುತು ಸಿಕ್ಕಿತು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಮೂಗು ಮುರಿಯುತ್ತಿದ್ದಳು. ನೋಹನ ಹಡಗಿನ ಹಲಗೆ ತೋರಿಸಲು ಬಂದವನಿಗೆ, ಇದಕ್ಕೆ ಮೊಳೆ ಹೊಡೆದ ಬಡಗಿಯ ಮೊಮ್ಮಗ ಇನ್ನೂ ಅಂಗಡಿ ತೆರೆದುಕೊಂಡು ಕೂತಿದ್ದಾನೆ, ಹೋಗಿ ಕೇಳಿ ಎಂದಿದ್ದಳು. ಅವಳು ಹೇಳಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು. ಹಾಗಾಗಿ ಅವಳಿಗೆ ಯಾರ ಭಯವೂ ಇರಲಿಲ್ಲ.

ಈ ಸಲ ಅಗೆಯುತ್ತಿದ್ದದ್ದು ಅವಳ ಅಕ್ಕನ ಮನೆಯ ಬುಡದಲ್ಲೇ. ಬೀದಿಯ ಕೊನೆಯಲ್ಲಿ ಶುರುವಾದ ಗುಂಡಿ ಸುರಂಗವಾಗಿ ಮನೆಗಳ ಕೆಳಗೆ ನುಗ್ಗಿತ್ತು. ಅದರ ತುದಿಯಲ್ಲಿ ಒಂದು ಕರಿಕಲ್ಲಿನ ಗೋಡೆ ಸಿಕ್ಕಿತ್ತು. ಅಗೆತದ ಮುಖ್ಯಸ್ಥರು ಅದನ್ನು ಕಂಡವರೇ ಶೆಬದ ರಾಣಿಯ ಅರಮನೆ ಎಂದುಬಿಟ್ಟರು. ಸೊಲೊಮೋನ ರಾಜನ ಬುದ್ಧಿಯನ್ನು ಒಗಟು ಕೇಳಿ ಪರೀಕ್ಷಿಸಲು ಒಂಟೆಗಳ ಸಾಲು ಕಟ್ಟಿಕೊಂಡು ಹೋಗಿದ್ದಳಲ್ಲ, ಆ ರಾಣಿ. ಅವಳು ನಮ್ಮವಳು, ಅರಮನೆ ನಮ್ಮಲ್ಲೇ ಎನ್ನುವ ದೇಶಗಳಿಗೆ ಬರವಿಲ್ಲ. ಅವಳಿಗಿರುವಷ್ಟು ಮನೆ ಯಾವ ದಲ್ಲಾಳಿಯ ಕೈಯಲ್ಲೂ ಇಲ್ಲ ಎಂದು ಬೋಕಿ ನಕ್ಕಿದ್ದಳು.

ಅಕ್ಕನಿಗೆ ನಗು ಬರಲಿಲ್ಲ. ಭಾವ ತೀರಿಕೊಂಡ ಮೇಲೆ ಅವಳು ಮನೆಯ ಮುಂಕೋಣೆಯಲ್ಲಿ ಬಟ್ಟೆ ಹೊಲಿದು, ನಾಲ್ಕು ವರ್ಷದ ಮಗಳನ್ನು ಸಾಕುತ್ತಿದ್ದಳು. ಹೊಲಿಗೆ ಯಂತ್ರದ ಪಕ್ಕದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕು ಬಿಟ್ಟಿತ್ತು. ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲೆಂದು ಅಕ್ಕ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿದ್ದಳು. ಆ ದಿನ ಬೆಳಿಗ್ಗೆ ನೋಡಿದರೆ ಪಟ್ಟಿ ಹರಿದಿತ್ತು. ಅಕ್ಕ ದೇವರನ್ನು ನಂಬುವವಳಾದರೂ ದಡ್ಡಿಯಲ್ಲ. ತಕ್ಷಣ ಗಂಟುಮೂಟೆ ಕಟ್ಟಲು ಕೂತಳು. ಸಂಜೆಯೊಳಗೆ ಮೈದುನನ ಮನೆಗೆ ಹೋಗಿಬಿಡುತ್ತೇನೆ ಎಂದು ತಂಗಿಗೆ ಫೋನಿನಲ್ಲಿ ಹೇಳಿದಳು.

ಅದೇ ಮಧ್ಯಾಹ್ನ ಬೋಕಿಗೆ ಬೇಕಾದದ್ದು ಸಿಕ್ಕಿತು. ಗೋಡೆಯ ತಳದ ಕಲ್ಲಿನ ಕೆಳಗೆ ಕೈ ತೂರಿಸಿದಾಗ ಬೆರಳಿಗೆ ನುಣ್ಣನೆಯದೇನೋ ತಾಕಿತು. ಎಳೆದರೆ ಗಾಜಿನಂಥ ಹಸಿರು ಮೆರುಗು ಬಳಿದ ಮಡಕೆಯ ಚೂರು. ರಾಣಿ ಮಣ್ಣಾಗಿ ಸಾವಿರ ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಹುಟ್ಟಿದ ಮೆರುಗು ಅದು. ಅದರ ಮೇಲೆ ಕೂತ ಗೋಡೆ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ತೋಳು ಮೊಣಕೈವರೆಗೂ ಸಲೀಸಾಗಿ ಒಳಗೆ ಹೋಗಿದ್ದನ್ನೂ, ಅಲ್ಲಿ ಕಲ್ಲೇ ಇಲ್ಲದೆ ಬರೀ ಸಡಿಲು ಮಣ್ಣಿದ್ದುದನ್ನೂ ಅವಳು ಗಮನಿಸಿದಳು. ಆದರೆ ಗೆದ್ದ ಖುಷಿಯಲ್ಲಿ ಅದು ತಲೆಗೆ ಹತ್ತಲಿಲ್ಲ. ಚೂರನ್ನು ಅಂಗೈಯಲ್ಲಿಟ್ಟುಕೊಂಡು ಮುಖ್ಯಸ್ಥರ ಮುಂದೆ ಚಾಚಿದಳು.

ಅವರು ಅದನ್ನು ಬಲ್ಬಿನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮುಖ ಸಣ್ಣದಾಯಿತು. ಆಮೇಲೆ ಸಮಾಧಾನದಲ್ಲೇ ಹೇಳಿದರು.

"ಸರಿ. ರಾಣೀದಲ್ಲ ಅಂದ್ಮೇಲೆ ಇದನ್ನ ಇಟ್ಕೊಂಡು ಏನ್ಮಾಡೋದು? ನಾಳೆ ಕಲ್ಲು ತೆಗೆಸಿಬಿಡ್ತೀನಿ. ರಾಣಿ ಇನ್ನೂ ಕೆಳಗಿದ್ದಾಳೆ."

ಅದರಲ್ಲಿ ಬೆದರಿಕೆ ಇರಲಿಲ್ಲ. ಈ ಕೆಲಸದ ರೀತಿಯೇ ಹಾಗೆ. ಮೇಲಿನ ಕಾಲದ ಗೋಡೆಯನ್ನು ಕಿತ್ತರೇ ಕೆಳಗಿನ ಕಾಲ ಸಿಗುವುದು. ಇದು ಯಾರದೂ ಅಲ್ಲ, ತೆಗೆಯಿರಿ ಎಂದು ಬೋಕಿಯೇ ಎಷ್ಟು ಗೋಡೆಗಳನ್ನು ಕೀಳಿಸಿರಲಿಲ್ಲ! ಮೇಲೆ ನನ್ನ ಅಕ್ಕನ ಮನೆಯಿದೆ, ಇಡೀ ಸಾಲು ಇದೆ ಎಂದಳು. ಮರದ ಆಸರೆ ಕೊಡುತ್ತೇವಲ್ಲ ಎಂದರು ಅವರು. ರಾಣಿಯ ಗೋಡೆಯಾಗಿದ್ದರೆ ಒಂದು ಕಲ್ಲನ್ನೂ ಅಲುಗಿಸುವಂತಿರಲಿಲ್ಲ, ಕಾನೂನೇ ಬಿಡುತ್ತಿರಲಿಲ್ಲ, ಅಗೆತ ಇಲ್ಲಿಗೇ ನಿಲ್ಲುತ್ತಿತ್ತು ಎಂದೂ ಸೇರಿಸಿದರು.

ಬೋಕಿ ಸುರಂಗದ ಆಸರೆಗಳತ್ತ ತಿರುಗಿ ನೋಡಿದಳು. ಆಸರೆಯ ಕಂಬಗಳು ಅವಳ ತೋಳಿನಷ್ಟೂ ದಪ್ಪವಿರಲಿಲ್ಲ. ಮೇಲೆ ಮಗು ಓಡಾಡುವ ಧಪಧಪ ಸದ್ದು ಕೇಳಿಸಿತು. ಹಿಂದೆಯೇ ಅವಳ ಕತ್ತಿನ ಮೇಲೆ ಹಿಡಿಯಷ್ಟು ಮಣ್ಣು ಉದುರಿತು. ಅಕ್ಕ ಸಂಜೆ ಮನೆ ಬಿಟ್ಟು ಹೋದರೂ ಸಾಲಿನ ಉಳಿದ ಮನೆಗಳಲ್ಲಿ ಜನರಿದ್ದರು.  ಅವಳು ಚೂರನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡಳು.

"ಅದು ಇಲಿ ಬಿಲದಲ್ಲಿ ಸಿಕ್ಕಿದ್ದು ಸರ್. ಮೇಲಿಂದ ಇಲಿ ತಂದು ಹಾಕಿರ್ಬೇಕು. ಗೋಡೆ ಹಳೇದೇ."

"ರಾಣೀದು ಅನ್ನಬಹುದಾ?"

"ಅನ್ನಬಹುದು."

ತಮಗಾಗದ ಸಾಕ್ಷಿಯನ್ನು ಇಲಿಯ ತಲೆಗೆ ಕಟ್ಟುವವರನ್ನು ಅವಳು ಜೀವಮಾನವಿಡೀ ಗೇಲಿ ಮಾಡಿದ್ದಳು. ಮುಖ್ಯಸ್ಥರು ಆಗಲೇ ಫೋನ್ ಹಿಡಿದು ಹೊರಗೆ ಓಡಿದ್ದರು. ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಹಬ್ಬಿತು. ಏನನ್ನೂ ನಂಬದ ತಜ್ಞೆಯೇ ಒಪ್ಪಿಕೊಂಡಿದ್ದಾರೆ ಎಂಬುದೇ ಅದರ ತಲೆಬರಹ.

ಅವಳು ಮೆಟ್ಟಿಲು ಹತ್ತಿ ಅಕ್ಕನ ಮನೆಗೆ ಓಡಿದಳು. ಗೋಡೆಯೇನೋ ಉಳಿಯಿತು, ಆದರೆ ಗೋಡೆ ನಿಂತದ್ದು ಯಾವುದರ ಮೇಲೆ ಎಂಬುದು ಅವಳ ತೋಳಿಗೆ ಗೊತ್ತಿತ್ತು. ಬಾಗಿಲಲ್ಲೇ ನಿಂತಳು. ಕಟ್ಟಿದ್ದ ಗಂಟುಗಳೆಲ್ಲ ಬಿಚ್ಚಿದ್ದವು. ಅಕ್ಕ ಬಟ್ಟೆಗಳನ್ನು ಮಡಚಿ ಮತ್ತೆ ಬೀರುವಿಗೆ ಇಡುತ್ತಿದ್ದಳು. ತಂಗಿಯನ್ನು ಕಂಡವಳೇ ಬಂದು ತಬ್ಬಿಕೊಂಡಳು. ರಾಣಿಯ ಗೋಡೆಯ ಮೇಲಿರುವ ಮನೆಗೆ ಇನ್ನೇನು ಭಯ, ಮೈದುನನ ಹಂಗು ಯಾಕೆ ಬೇಕು ಎಂದಳು.

ಬೋಕಿ ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಇಲಿಯೂ ಇಲ್ಲ, ಬಿಲವೂ ಇಲ್ಲ, ಕೆಳಗೆ ಹಿಟ್ಟಿನಂಥ ಮಣ್ಣಿದೆ, ಈಗಲೇ ಹೊರಡು. ಅಕ್ಕನಿಗೆ ನಗು ಬಂತು.

"ನಿನ್ನ ಅನುಮಾನಕ್ಕೆ ಕೊನೇನೇ ಇಲ್ವಲ್ಲೇ. ಆ ರಾಣಿನೂ ಸೊಲೊಮೋನನ ಬುದ್ಧೀನ ಮೊದಲು ನಂಬಿರ್ಲಿಲ್ಲ, ಕಣ್ಣಾರೆ ಕಂಡ್ಮೇಲೆ ಒಪ್ಕೊಂಡ್ಳು. ನೀನೂ ಒಪ್ಕೊಂಡಿದ್ದೀಯ. ಅದಕ್ಕೆ ನಾಚಿಕೆ ಯಾಕೆ?"

"ಅಕ್ಕ, ನಾನು ಸುಳ್ಳು ಹೇಳ್ದೆ."

"ಹುಟ್ಟಿದಾಗಿಂದ ನೀನು ಒಂದು ಸುಳ್ಳು ಹೇಳಿದ್ದು ನಾನು ಕಂಡಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಅಕ್ಕಪಕ್ಕದವರು, ಹಿಂದಿನ ಬೀದಿಯವರು, ಗುರುತೇ ಇಲ್ಲದವರು. ರಾಣಿಯ ಅರಮನೆಯ ಮೇಲೆ ಒಂದು ಗಳಿಗೆ ನಿಂತು ಹೋಗುತ್ತೇವೆ ಎಂದರು. ಅಕ್ಕ ಹಿಗ್ಗಿನಿಂದ ಬನ್ನಿ ಬನ್ನಿ ಎಂದು ಕರೆದಳು. ಬೇಡ, ನೆಲ ಕುಸಿಯುತ್ತದೆ ಎಂದು ಬೋಕಿ ಅಡ್ಡ ನಿಂತಳು. ಯಾರೋ ಅವಳ ಭುಜ ತಟ್ಟಿ, ನಿಮ್ಮಿಂದಲೇ ನಮಗೆ ನಂಬಿಕೆ ಬಂತು ತಾಯಿ ಎಂದು ಪಕ್ಕದಿಂದ ನುಸುಳಿದರು. ಅವಳ ಕಾಲಡಿಯ ನೆಲ ಸಣ್ಣಗೆ ಅದುರಿತು. ಬೇರೆ ಯಾರಿಗೂ ಅದು ತಿಳಿದಂತೆ ಕಾಣಲಿಲ್ಲ.

ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು. ಬೀದಿಯ ಆಚೆ ಬದಿಗೆ ಹೋಗಿ, ಅಕ್ಕಾ ಎಂದು ಗಂಟಲು ಹರಿಯುವಂತೆ ಕೂಗಿದಳು. ಅಕ್ಕ ಕಿಟಕಿಯಿಂದ ಕೈಬೀಸಿದಳು. ಅಮ್ಮ ಯಾಕೆ ಬರಲಿಲ್ಲ ಎಂದು ಮಗು ಕೇಳಿತು. ಜನ ಒಬ್ಬರ ಹಿಂದೊಬ್ಬರು ಒಳಗೆ ಹೋಗುತ್ತಲೇ ಇದ್ದರು.