ತಂಗಿಯ ತಟ್ಟೆ

ಸತ್ತವರ ವಿಷಯ ಹೇಳಲು ನನಗೆ ಅಂಜಿಕೆ. ಅರ್ಧಂಬರ್ಧ ತಿಳಿದದ್ದನ್ನು ಹೇಳುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಬ್ಬರು ಅಕ್ಕತಂಗಿಯರಿದ್ದರು. ಸುಟ್ಟಗಾಯದ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಅಕ್ಕನ ಕೆಲಸ. ರೋಗಿಯ ಸುಡದ ಚರ್ಮದಿಂದ ಅಂಚೆಚೀಟಿಯಷ್ಟು ತುಂಡು ಬರುತ್ತದೆ. ಅದರ ಜೀವಕೋಶಗಳನ್ನು ಬಿಡಿಸಿ, ತಿಳಿಗಂಜಿಯಂಥ ಜೆಲ್‌ನಲ್ಲಿ ಬೆರೆಸಿ, ತಟ್ಟೆಯಲ್ಲಿ ತೆಳು ಹಾಳೆಯಾಗಿಸಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಡಬೇಕು. ದಿನ ಬಿಟ್ಟು ದಿನ ಹಳೆಯ ದ್ರವ ಹೀರಿ ಹೊಸದು ಬಿಡಬೇಕು. ಅದಕ್ಕೆ ಅಲ್ಲಿಯವರು ಊಟ ಹಾಕುವುದು ಎನ್ನುತ್ತಿದ್ದರು. ಆ ಹಾಳೆ ಗಾಯದ ಮೇಲೆ ಕೂತರೆ ಗಾಯ ಬೇಗ ಮುಚ್ಚುತ್ತದೆ.

ಸ್ಟವ್ ಸಿಡಿದು ತಂಗಿಯೇ ಅಲ್ಲಿಗೆ ಬಂದಾಗ ಅವಳ ತಟ್ಟೆಯನ್ನೂ ಅಕ್ಕನೇ ಸಿದ್ಧಮಾಡಿದಳು. ಹಾಳೆ ಕೈಗೆ ಬರಲು ಎರಡು ದಿನವಿರುವಾಗ ತಂಗಿ ತೀರಿಕೊಂಡಳು. ರೋಗಿ ಹೋದರೆ ತಟ್ಟೆಯನ್ನೂ ನಾಶಮಾಡಬೇಕು. ಅಂತ್ಯಕ್ರಿಯೆ ಮುಗಿಸಿ ಕೆಲಸಕ್ಕೆ ಬಂದ ಅಕ್ಕ ಕೈ ತೊಳೆದು, ರೂಢಿಯಂತೆ ಸಾಲಾಗಿ ಊಟ ಹಾಕುತ್ತ ಹೋದಳು. ಕೊನೆಯ ತಟ್ಟೆಯ ಮುಚ್ಚಳ ಮುಚ್ಚಿದ ಮೇಲೆಯೇ ಚೀಟಿಯ ಮೇಲಿನ ಹೆಸರು ಓದಿದ್ದು.

ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ಚಿಕ್ಕಂದಿನಲ್ಲಿ ತಂಗಿ ನಿದ್ದೆಗಣ್ಣಲ್ಲೇ ಅಕ್ಕನ ಕೈ ತಡಕುತ್ತಿದ್ದಂತೆ ಜೀವಕೋಶಗಳು ಚಾಚಿಕೊಂಡು ಒಂದನ್ನೊಂದು ಹಿಡಿದಿದ್ದವು. ತಾನು ಸತ್ತ ಸುದ್ದಿ ತಂಗಿಗಿನ್ನೂ ಮುಟ್ಟಿರಲಿಲ್ಲ.

ಬಿಸಾಡಲು ಕೈ ಬರಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದಾಗಲೆಲ್ಲ ಬೆಚ್ಚನೆಯ ಗಾಳಿ ಮುಖಕ್ಕೆ ತಾಕಿ, ಒಳಗಿನಿಂದ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು.

ವಾರದಲ್ಲಿ ಅದು ಡಾಕ್ಟರಮ್ಮನ ಕಣ್ಣಿಗೆ ಬಿತ್ತು. ಅವರು ಬೈಯಲಿಲ್ಲ. ಇಸ್ತ್ರಿ ಅಂಗಡಿಯ ಹೆಂಗಸಿನ ಕೈ ಬೆಂದಿದೆ, ಬೇರೆಯವರ ಜೀವಕೋಶ ಬಹಳ ದಿನ ನಿಲ್ಲದಿದ್ದರೂ ಗಾಯ ಕೂಡಲು ನೆರವಾಗುತ್ತದೆ, ಪರೀಕ್ಷೆ, ಅನುಮತಿ ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ಒಪ್ಪಬೇಕು ಎಂದರು.

"ಇಟ್ಕೊಂಡು ಏನ್ಮಾಡ್ತೀಯಮ್ಮ? ತಟ್ಟೇಲಿ ಎಷ್ಟು ದಿನ ಬದುಕುತ್ತೆ?"

"ಅವಳನ್ನ ಇನ್ನೊಂದ್ಸಲ ಕಳಿಸಿಕೊಡು ಅಂತೀರಾ, ಮೇಡಂ?"

ಡಾಕ್ಟರಮ್ಮ ಒಪ್ಪಿಗೆಯ ಕಾಗದವನ್ನು ಮೇಜಿನ ಮೇಲಿಟ್ಟು ಹೋದರು. ಮೂರನೆಯ ದಿನ ಅಕ್ಕ ಸಹಿ ಹಾಕಿ, ತಟ್ಟೆಯನ್ನು ತಾನೇ ಎತ್ತಿಕೊಂಡು ಹೋದಳು. ಹಾಳೆ ಕಂಡು ಇಸ್ತ್ರಿಯವಳು, ಸವೆದ ಸೋಪಿನಂತಿದೆಯಲ್ಲ, ನನ್ನನ್ನೇ ಒಗೆದು ಮಡಚಿಡುತ್ತೀರೇನು ಎಂದು ನಕ್ಕಳು.

ಗಾಯ ಮುಚ್ಚಿತು. ಕೊನೆಯ ಪಟ್ಟಿ ಬಿಚ್ಚುವ ದಿನ ಅಕ್ಕನೂ ಹೋಗಿ ನಿಂತಿದ್ದಳು. ಇಸ್ತ್ರಿಯವಳು ಹೊಸ ಚರ್ಮವನ್ನೇ ನೋಡುತ್ತ ಹೇಳಿದಳು:

"ನಾನು ಒಬ್ಬಳೇ ಮಲಗೋಳು ಕಣಮ್ಮ. ಆದ್ರೂ ಈ ಕೈ ನಿದ್ದೇಲಿ ಪಕ್ಕ ತಡಕುತ್ತೆ. ಯಾರನ್ನ ಹುಡುಕುತ್ತೋ ಏನೋ."

ಅಕ್ಕ ಗಾಯ ಪರೀಕ್ಷಿಸುವವಳಂತೆ ಆ ಕೈ ಹಿಡಿದಳು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದಳು.

ಅಷ್ಟು ಹೊತ್ತಿಗೆ ತಂಗಿಯ ಒಂದಾದರೂ ಜೀವಕೋಶ ಅಲ್ಲಿ ಉಳಿದಿತ್ತೇ? ಅಕ್ಕ ಪರೀಕ್ಷೆ ಮಾಡಿಸಲಿಲ್ಲ. ನನಗೂ ಗೊತ್ತಿಲ್ಲ.