ಹೊಗೆಯ ದಾರಿ

ಹೊಸ ಅಡುಗೆಮನೆಯ ನಕ್ಷೆಯನ್ನು ಖೋಸಿಯತ್ ಹಿಟ್ಟಿನ ಮೇಲೆ ಬರೆದಳು. ನಾದುವ ಹಲಗೆಯ ಮೇಲೆ ಹಿಟ್ಟು ಹರವಿ ಬೆರಳಿನಿಂದ ಗೆರೆ ಎಳೆದಳು.

"ಇಲ್ಲಿ ಒಲೆ. ಪಕ್ಕದಲ್ಲೇ, ಒಳಗೇ, ಮಲಗೋಕೆ ಜಗಲಿ. ಚಳಿಗಾಲದಲ್ಲಿ ನಾನೂ ಮೊಮ್ಮಗಳು ನಿಗೀನಾಳೂ ಅಲ್ಲೇ ಮಲಗ್ತೀವಿ. ತಂದೂರು ಅಂಗಳದಲ್ಲೇ ಇರ್ಲಿ. ಗಾಜಿನ ಬೀರು ಈ ಕಡೆ, ಬಂದವರ ಕಣ್ಣಿಗೆ ಬೀಳೋ ಹಾಗೆ."

"ಕಿಟಕಿ, ಅತ್ತೆ?" ಎಂದಳು ಸೊಸೆ ಮುಅತ್ತರ್.

"ಕರು ಮಾರಿದ ದುಡ್ಡಲ್ಲಿ ಅರಮನೆ ಏಳತ್ತಾ ಮಗಳೆ? ಬೆಳಕಿಗೆ ಒಂದು ಗಾಜು ಕೂರಿಸಿದ್ರೆ ಸಾಕು. ತೆರೆಯೋ ಕಿಟಕಿ ಇಟ್ರೆ ನಮ್ಮ ಕಲ್ಲಿದ್ದಲಿಂದ ಪಕ್ಕದ ಮನೆಯವರು ಬೆಚ್ಚಗಿರ್ತಾರೆ, ಅಷ್ಟೆ."

ಹಳೆಯ ಅಡುಗೆಮನೆ ಅಂಗಳದಾಚೆ ಇತ್ತು. ಹೋದ ಚಳಿಗಾಲ ಅತ್ತೆ ಪಲಾವಿನ ತಟ್ಟೆ ಹಿಡಿದು ಬರುತ್ತ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿದ್ದಳು. ಹೊಸದು ಮನೆಗೆ ಅಂಟಿಕೊಂಡೇ ಇರಬೇಕೆಂದು ಮುಅತ್ತರಳಿಗೂ ಅನ್ನಿಸಿತ್ತು. ತೊಡಕು ಬಂದದ್ದು ಹೊಗೆಕೊಳವೆಯಿಂದ. ಒಂದು ಗೋಡೆ ನೆರೆಮನೆಯವರದು, ಇನ್ನೊಂದರಲ್ಲಿ ಬಾಗಿಲು. ಕೊಳವೆ ಹೋಗಬೇಕಾದ್ದು ಮೊಗಸಾಲೆಯ ತೊಲೆಯ ಪಕ್ಕದಲ್ಲೇ. ಆ ತೊಲೆಯ ಕೆಳಗೆ ಕವಲುಬಾಲದ ಅಂಬರಗುಬ್ಬಿಗಳ ಮಣ್ಣಿನ ಗೂಡಿತ್ತು.

"ಅದನ್ನ ಮುಟ್ಟೋ ಹಾಗಿಲ್ಲ," ಎಂದಳು ಖೋಸಿಯತ್. "ನಾನು ಮದುಮಗಳಾಗಿ ಬಂದ ವರ್ಷವೇ ಅವೂ ಬಂದವು. ಗೂಡು ಕೆಡವಿದ ಕೈ ತನ್ನ ಮನೆಯನ್ನೇ ಕೆಡವತ್ತೆ."

ಗಾರೆಯವನು ಸೊಬಿರ್ ಉಸ್ತಾ ತಲೆ ಕೆರೆದುಕೊಂಡ. "ಹಕ್ಕಿಗೂ ಬೇಜಾರಾಗಬಾರದು, ಅಮ್ಮನಿಗೂ ಆಗಬಾರದು ಅಂದ್ರೆ ಕೊಳವೆನ ಎರಡು ಕಡೆ ಬಗ್ಗಿಸಿ, ಗೂಡಿಗೆ ತಗಲದ ಹಾಗೆ ತೊಲೆ ಕೆಳಗಿಂದ ಹೊರಗೆ ಬಿಡೋದೇ ದಾರಿ."

"ಅಷ್ಟು ಬಗ್ಗಿಸಿದ್ರೆ ಹೊಗೆ ಹೋಗತ್ತಾ ಉಸ್ತಾ?" ಮುಅತ್ತರ್ ಕೇಳಿದಳು. "ನಮ್ಮ ಚಿಕ್ಕಮ್ಮನ ಮನೇಲಿ..."

"ಹೊಸ ಮನೆಗೆ ಗೆರೆ ಎಳೆಯೋವಾಗ ಸತ್ತವರ ಸುದ್ದಿ ಎತ್ತಬೇಡ," ಎಂದು ಅತ್ತೆ ಅವಳ ಮಾತನ್ನು ಅಲ್ಲೇ ತುಂಡರಿಸಿದಳು.

ಮುಅತ್ತರ್ ಹಲಗೆಯ ಅಂಚಿನ ಹಿಟ್ಟು ಒರೆಸಿದಳು. ಚಿಕ್ಕಮ್ಮನ ಮನೆಯವರು ಒಂದು ಚಳಿಗಾಲ ಕಲ್ಲಿದ್ದಲ ಒಲೆ ಹೊತ್ತಿಸಿ ಮಲಗಿದವರು ಮತ್ತೆ ಏಳಲಿಲ್ಲ. ಹುಡುಗಿಯಾಗಿದ್ದ ಅವಳು ಜನರ ನಡುವೆ ನುಸುಳಿ ನೋಡಿದ್ದಳು. ಸತ್ತವರ ಕೆನ್ನೆಗಳು ಮದುಮಕ್ಕಳ ಕೆನ್ನೆಯ ಹಾಗೆ ಕೆಂಪಗಿದ್ದವು.

ಗಂಡ ಇಕ್ರೊಮ್ ಘಟ್ಟದಾಚೆ ತಾಷ್ಕೆಂಟಿಗೆ ಲಾರಿ ಓಡಿಸುವವನು. ಹೇಳಿದರೆ ನಕ್ಕುಬಿಟ್ಟ. "ಅಮ್ಮ ಹೇಳಿದ ಹಾಗೆ ಮಾಡು. ಹೊಗೆಗೆ ದಾರಿ ನೀನು ತೋರಿಸಬೇಕಾ?"

ಅಡುಗೆಮನೆ ಎದ್ದಿತು. ಮೊದಲ ಪಲಾವಿಗೆ ಬೀದಿಯ ಹೆಂಗಸರೆಲ್ಲ ಬಂದು ಗಾಜಿನ ಬೀರು ಸವರಿ ನೋಡಿ ಹೋದರು. ಶರತ್ಕಾಲದಲ್ಲಿ ಹಕ್ಕಿಗಳು ದಕ್ಷಿಣಕ್ಕೆ ಹಾರಿದವು. ಹಿಮ ಬಿತ್ತು. ಅತ್ತೆ, ಮೊಮ್ಮಗಳು ಜಗಲಿಗೆ ಹಾಸಿಗೆ ತಂದರು.

ಮೊದಲು ಗೋಡೆ ಬೆವರತೊಡಗಿತು. ಆಮೇಲೆ ಮುಅತ್ತರಳಿಗೆ ತಲೆನೋವು. ಅಂಗಳಕ್ಕೆ ಬಂದರೆ ಬಿಡುತ್ತಿತ್ತು, ಒಳಗೆ ಹೋದರೆ ಮತ್ತೆ ಹಿಡಿಯುತ್ತಿತ್ತು.

"ಒಳಗೆ ಬಂದ ಕೂಡಲೇ ಬರೋ ತಲೆನೋವಿಗೆ ಸೋಮಾರಿತನ ಅಂತಾರೆ," ಅತ್ತೆ ನೆರೆಯವಳ ಎದುರು ನಕ್ಕಳು. "ನಮ್ಮ ನಿಗೀನಾನ ನೋಡು, ಹೊಸ ಒಲೆ ಪಕ್ಕ ಮಲಗಿದ್ದೇ ಮಲಗಿದ್ದು, ಕೆನ್ನೆ ಸೇಬಾಗಿದೆ."

ಮುಅತ್ತರ್ ಮಗಳ ಕಡೆ ನೋಡಿದಳು. ಕೈಯಲ್ಲಿದ್ದ ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

ಮರುದಿನ ಗಾಳಿ ಇರಲಿಲ್ಲ. ಮಂಜು ಸೂರಿನ ತನಕ ಇಳಿದಿತ್ತು. ಮಧ್ಯಾಹ್ನ ಅವಳು ತಂದೂರಿನಿಂದ ರೊಟ್ಟಿ ತೆಗೆಯುತ್ತಿದ್ದಾಗ ಕಣ್ಣು ಕೊಳವೆಯ ಬಾಯಿಗೆ ಹೋಯಿತು. ಒಲೆ ಉರಿಯುತ್ತಿದೆ, ಕೊಳವೆಯಿಂದ ಒಂದೆಳೆ ಹೊಗೆಯೂ ಇಲ್ಲ. ರೊಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ಅಜ್ಜಿ, ಮೊಮ್ಮಗಳು ಒಂದೇ ರಜಾಯಿಯಲ್ಲಿ ಮಲಗಿದ್ದರು. ಇಬ್ಬರ ಕೆನ್ನೆಯೂ ಕೆಂಪು. ಕರೆದಳು, ಏಳಲಿಲ್ಲ. ಮಗುವನ್ನು ಎಳೆದೊಯ್ದು ಹಿಮದ ಮೇಲೆ ಮಲಗಿಸಿದಳು. ಅತ್ತೆಯನ್ನು ರಜಾಯಿ ಸಮೇತ ಹೊಸ್ತಿಲು ದಾಟಿಸಿದಳು. ನಿಗೀನಾ ವಾಂತಿ ಮಾಡಿಕೊಂಡು ಅತ್ತಾಗ ಮುಅತ್ತರಳಿಗೆ ಉಸಿರು ಬಂತು.

ಅತ್ತೆ ಗೋಡೆಗೆ ಒರಗಿ ಕೂತಳು. "ನಿನ್ನೆ ಮಾಂಸ ಹಳಸಿತ್ತು," ಎಂದಳು ತೊದಲುತ್ತ. "ಬಾಗಿಲು ಹಾಕು. ಶಾಖ ಹೋಗತ್ತೆ."

ಮುಅತ್ತರ್ ಬಾಗಿಲು ಹಾಕಲಿಲ್ಲ. ಏಣಿ ತಂದು ತೊಲೆಗೆ ಒರಗಿಸಿದಳು. ತಂದೂರಿನ ಕಬ್ಬಿಣದ ಕೊಕ್ಕೆ ಹಿಡಿದು ಹತ್ತಿದಳು.

"ಮಗಳೆ, ಬೇಡ," ಎಂದಳು ಖೋಸಿಯತ್. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನಾಳೆ ಏನಾದ್ರೂ ಆದ್ರೆ ಅದು ನಿನ್ನ ಕೈಯಿಂದಲೇ ಆಯ್ತು ಅಂತೀನಿ. ಅನ್ನದೆ ಇರೋಕೆ ನನ್ನಿಂದ ಆಗಲ್ಲ."

"ಅನ್ನೋಕಾದ್ರೂ ನೀವು ಇರಬೇಕಲ್ಲ ಅತ್ತೆ," ಎಂದು ಮುಅತ್ತರ್ ಕೊಕ್ಕೆ ಬೀಸಿದಳು. ಎಷ್ಟೋ ವರ್ಷದ ಮಣ್ಣು, ಒಣಹುಲ್ಲು, ಪುಕ್ಕ ಅವಳ ತಲೆಯ ಮೇಲೆ ಉದುರಿತು.

ಸೊಬಿರ್ ಬಂದು ಕೊಳವೆಯನ್ನು ನೆಟ್ಟಗೆ ಮಾಡಿ ಹೋದ. ಚಳಿಗಾಲ ಕಳೆಯಿತು. ಮಗುವಿನ ಕೆನ್ನೆ ಮೊದಲಿನ ಹಾಗೆ ಬೆಳ್ಳಗಾಯಿತು. ಮುಅತ್ತರಳ ತಲೆನೋವು ಹೋಯಿತು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ.

ವಸಂತದ ಒಂದು ಸಂಜೆ ಅಂಬರಗುಬ್ಬಿಗಳು ಬಂದವು. ಬೋಳು ತೊಲೆಯನ್ನೂ ಬಿಸಿ ಕೊಳವೆಯನ್ನೂ ಸುತ್ತಿ ಸುತ್ತಿ ಕೂಗಿದವು, ಆಮೇಲೆ ಹೋದವು. ಅತ್ತೆ ಜಗಲಿಯ ಮೇಲಿಂದ ತೆರೆದ ಬಾಗಿಲಲ್ಲಿ ಎಲ್ಲವನ್ನೂ ನೋಡಿದಳು.

ಕತ್ತಲಾಗುವ ಮೊದಲೇ ಬರುತ್ತೇನೆಂದಿದ್ದ ಇಕ್ರೊಮ್ ಇನ್ನೂ ಬಂದಿರಲಿಲ್ಲ. ಸಾರು ಆರಿತು. ಮುಅತ್ತರ್ ಮತ್ತೆ ಬಿಸಿಗಿಟ್ಟಳು.

"ಘಟ್ಟದಲ್ಲಿ ಮಂಜಿರಬಹುದು ಅತ್ತೆ."

ಖೋಸಿಯತ್ ಸಾರು ಕಲಕುತ್ತಿದ್ದ ಸೊಸೆಯ ಕೈಯನ್ನೇ ನೋಡುತ್ತಿದ್ದಳು.