ಮಡಚದ ಕಾಲು

"ಇನ್ನೊಂದ್ಸಲ ಒತ್ರಿ, ಬರ್ತೈತೆ!" ಎಂದು ದೊಡ್ಡಪ್ಪ ಪಂಚಾಕ್ಷರಪ್ಪ ಬಾಗಿಲಾಚೆಯಿಂದಲೇ ಕೂಗಿದರು.

ಒಳಗೆ ಹೆಂಗಸರು ಮೇಘಶ್ರೀಯ ಬಲಗಾಲು ಹಿಡಿದು ಮಡಚಲು ಹೆಣಗುತ್ತಿದ್ದರು. ಎಡಗಾಲು ಬಿಸಿನೀರಿಗೆ ಸಡಿಲಾಗಿ ಹೇಳಿದ ಮಾತು ಕೇಳಿತ್ತು. ಬಲಗಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕರಾವಳಿಯ ಆಸ್ಪತ್ರೆಯೊಂದರಲ್ಲಿ ಹಿಂದಿನ ದಿನ ಇಲಿಜ್ವರದಿಂದ ತೀರಿಕೊಂಡ ಅವಳನ್ನು ಆಂಬುಲೆನ್ಸ್ ಹೊನ್ನಾಳಿಗೆ ತಂದಾಗ ಬೆಳಕು ಹರಿದಿತ್ತು. ಇವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಬಾಳೆಕಂದು ಕಟ್ಟಿದ ವಿಮಾನದಲ್ಲಿ ಹೊತ್ತೊಯ್ದು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಮನೆಯಲ್ಲಿ ಸತ್ತರೆ ಮೈ ಬೆಚ್ಚಗಿರುವಾಗಲೇ ಕಾಲು ಮಡಚಿ ಕಟ್ಟಿಬಿಡುತ್ತಾರೆ. ಪರವೂರಿನ ಆಸ್ಪತ್ರೆಯವರಿಗೆ ಇದನ್ನೆಲ್ಲ ಯಾರು ಹೇಳಬೇಕು?

ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬಿದ್ದವು. ಬಂದವರಿಗೆ ಅವಳನ್ನು ಸಮುದ್ರವೇ ಕೊಂದಿರಬೇಕು ಎಂಬ ಆಸೆ.

"ಅಲೆ ಹೊಡ್ಕಂಡು ಹೋತಂತೆ."

"ಅಲ್ಲಪ್ಪ, ಇಲಿಜ್ವರ ಅಂತೆ."

"ಇಲಿಜ್ವರಕ್ಕೆ ಸಾಯಾಕೆ ಅಷ್ಟು ದೂರ ಹೋಗ್ಬೇಕಿತ್ತಾ?"

ಅಪ್ಪ ಮಲ್ಲಿಕಾರ್ಜುನಪ್ಪನಿಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಜಗಲಿಯಿಂದ ಗೇಟಿಗೆ, ಗೇಟಿನಿಂದ ವಿಮಾನದ ಹತ್ತಿರಕ್ಕೆ ಓಡಾಡುತ್ತಿದ್ದ. ಬಿಗಿಯಾಗಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ. ಬಾಳೆಕಂದು ಡೊಂಕಾಗಿದೆ ಎಂದು ಯಾರಿಗೋ ರೇಗಿದ. ಅದು ನೆಟ್ಟಗೇ ಇತ್ತು.

*

ಮಗಳೂ ಹಾಗೆಯೇ ಇದ್ದಳು. ಕೂತು ಉಂಡದ್ದೇ ಕಮ್ಮಿ. ತುತ್ತು ಬಾಯಲ್ಲಿರುವಾಗಲೇ ಹೊಳೆಗೆ ಓಡುತ್ತಿದ್ದಳು. "ಕಾಲಿಗೆ ಚಕ್ರ ಕಟ್ಕಂಡು ಹುಟ್ಟೈತೆ," ಎಂದು ತಾಯಿ ಪ್ರೇಮಲತಾ ಬೈದರೆ, ಸೈಕಲ್ ಶಾಪಿನ ಮಲ್ಲಿಕಾರ್ಜುನಪ್ಪ, "ಚಕ್ರದ ಮನೆಯಾಗೆ ಹುಟ್ಟಿ ಇನ್ನೇನು ಕಟ್ಕಂತಾಳೆ?" ಎಂದು ನಗುತ್ತಿದ್ದ.

ಓದಲು ಮಂಗಳೂರಿನ ಕಡೆ ಹೋದವಳು ಅಲ್ಲಿ ಅಲೆಯ ಮೇಲೆ ನಿಲ್ಲುವುದನ್ನು ಕಂಡಳು. ಉದ್ದನೆಯ ಹಲಗೆಯ ಮೇಲೆ ಬೋರಲು ಮಲಗಿ, ಕೈಯಿಂದ ನೀರು ಬಗೆದು, ಅಲೆ ಬಂದು ಎತ್ತಿದ ಗಳಿಗೆಯಲ್ಲಿ ಚಂಗನೆ ಎದ್ದು ನಿಲ್ಲಬೇಕು. ಮೊದಲ ವರ್ಷವಿಡೀ ಬಿದ್ದಳು, ಉಪ್ಪುನೀರು ಕುಡಿದಳು. ಆಮೇಲೆ ನಿಂತಳು. ನಿಂತದ್ದೇ ಕಸುಬಾಯಿತು. ಸ್ಪರ್ಧೆ, ಕಪ್ಪು, ಪರದೇಶದ ಕಡಲುಗಳು, ಎದೆಯ ಮೇಲೆ ಕಂಪನಿಯ ಹೆಸರಿನ ಅಂಗಿ.

"ನಮ್ಮ ಹುಡುಗಿ ನೀರಿನ ಮೇಲೆ ನಿಂತ್ಕಂತಾಳೆ," ಎಂದು ಮಲ್ಲಿಕಾರ್ಜುನಪ್ಪ ಪಂಕ್ಚರ್ ಹಾಕುತ್ತಾ ಗಿರಾಕಿಗಳಿಗೆ ಹೇಳುತ್ತಿದ್ದ.

"ಎಷ್ಟೊತ್ತು ನಿಂತ್ಕಂತಾಳ್ರೀ?"

"ನೀರು ನಿಲ್ಲಿಸ್ಕಂಡಷ್ಟೊತ್ತು."

ಒಂದು ವರ್ಷ ಕಪ್ಪು ಬರುವುದು ನಿಂತಿತು. ಸ್ಪರ್ಧೆ ಸಾಕಾಯಿತು, ಇನ್ನು ಮಕ್ಕಳಿಗೆ ಕಲಿಸುತ್ತೇನೆ ಎಂದಳು. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ವಯಸ್ಸಾಯಿತು, ಬುದ್ಧಿ ಬಂತು ಎಂದುಕೊಂಡು ಸುಮ್ಮನಾದರು.

ಅದೇ ವರ್ಷ ತಮ್ಮ ಕೊಟ್ರೇಶನ ಮದುವೆ. ಮನೆಯಲ್ಲಿ ಗುರುಗಳ ಪಾದಪೂಜೆ ನಡೆದಿತ್ತು, ಮನೆಮಂದಿಯೆಲ್ಲ ನೆಲದ ಮೇಲೆ ಕೂತಿದ್ದರು. ಮೇಘಶ್ರೀ ಕಂಬಕ್ಕೊರಗಿ ನಿಂತಿದ್ದಳು.

"ಕೂತ್ಕಳವ್ವ," ಎಂದ ಅಪ್ಪ.

"ನಿಂತೇ ಇರ್ತೀನಿ ಅಪ್ಪಾಜಿ."

ಊಟದ ಪಂಕ್ತಿಯಲ್ಲೂ ಕೂರದೆ ತಟ್ಟೆ ಹಿಡಿದು ನಿಂತೇ ಉಂಡಳು. ದೊಡ್ಡಪ್ಪ ಪಂಚಾಕ್ಷರಪ್ಪ ಎಲ್ಲರಿಗೂ ಕೇಳುವಂತೆ, "ಕಪ್ಪು ಗೆದ್ದೋರು ನಮ್ಮಂಗೆ ನೆಲದ ಮ್ಯಾಲೆ ಕೂರ್ತಾರೇನಪ್ಪಾ?" ಎಂದರು. ಬೀಗರು ನಕ್ಕರು. ಮಲ್ಲಿಕಾರ್ಜುನಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

"ನಾಕು ಜನದಾಗೆ ಕೂರಾಕೆ ಆಗ್ದಿದ್ರೆ ಈ ಮನೆಗೆ ಬರಬ್ಯಾಡ!"

ಅವಳು ಕೈ ತೊಳೆದು, ಬ್ಯಾಗು ಹೆಗಲಿಗೇರಿಸಿ, ಶಿವಮೊಗ್ಗದ ಬಸ್ಸು ಹತ್ತಿದಳು. ಆಮೇಲೆ ಫೋನು ಬಂದದ್ದೆಲ್ಲ ಅಮ್ಮನಿಗೆ. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ, ಕೈ ಚಾಚಿ ಇಸಿದುಕೊಳ್ಳುತ್ತಿರಲಿಲ್ಲ. ಮೂರು ವರ್ಷ ಹೀಗೇ ಹೋಯಿತು.

*

"ಹೆಂಗಸರ ಕೈಲಾಗಲ್ಲ, ಇಬ್ಬರು ಗಂಡಸರು ಬರ್ರಿ," ಎಂದು ಪಂಚಾಕ್ಷರಪ್ಪ ಅಂಗಿಯ ತೋಳು ಮಡಚಿದರು. "ಬಿಸಿಲೇರಾಕ್ಹತ್ತೈತೆ. ಒಂದು ಪಟ್ಟು ಬಿಗಿಯಾಗಿ ಒತ್ತಿದ್ರೆ ಆತು."

"ಒತ್ತಬೇಡಿ. ಆ ಕಾಲು ಮಡಚುವುದಿಲ್ಲ."

ಮಾತಾಡಿದವನು ಗೇಟಿನ ಬಳಿ ನಿಂತಿದ್ದ ವಿನೋದ್. ಕಡಲ ದಂಡೆಯಲ್ಲಿ ಮೇಘಶ್ರೀಯ ಜೊತೆ ಮಕ್ಕಳಿಗೆ ಕಲಿಸುತ್ತಿದ್ದವನು. ಆಂಬುಲೆನ್ಸಿನಲ್ಲಿ ಬಂದವನಿಗೆ ಈವರೆಗೆ ಯಾರೂ ಒಂದು ಲೋಟ ಚಹಾ ಕೊಟ್ಟಿರಲಿಲ್ಲ.

"ಒಳಗೆ ರಾಡ್ ಉಂಟು ಅಂಕಲ್," ಎಂದ ಅವನು, ಮಲ್ಲಿಕಾರ್ಜುನಪ್ಪನ ಕಡೆ ತಿರುಗಿ. "ಅಲೆ ಎತ್ತಿ ಬಂಡೆಗೆ ಹಾಕಿದ್ದು. ಮಂಡಿ ಪುಡಿಯಾಗಿತ್ತು. ಆಮೇಲೆ ಸ್ಪರ್ಧೆಗೆ ಇಳಿಯಲಿಕ್ಕೇ ಆಗಲಿಲ್ಲ."

"ಯಾವಾಗ?"

"ತಮ್ಮನ ಮದುವೆಗೆ ಸ್ವಲ್ಪ ಮೊದಲು. ಡಾಕ್ಟರು ಪ್ರಯಾಣ ಬೇಡ ಅಂದಿದ್ರು. ಕೇಳಲಿಲ್ಲ, ಬಂದಳು."

ಮಲ್ಲಿಕಾರ್ಜುನಪ್ಪ ಗೇಟಿನವರೆಗೂ ಬಂದ. "ನಮಗ್ಯಾಕೆ ಹೇಳ್ಲಿಲ್ಲ?"

ವಿನೋದ್ ನೆಲ ನೋಡಿದ. "ಹೇಳಿದ್ರೆ ಮನೆಯಲ್ಲೇ ಕೂರಿಸ್ಕೊಳ್ತಾರೆ, ಮತ್ತೆ ನೀರಿಗೆ ಬಿಡುವುದಿಲ್ಲ ಅಂತಿದ್ದಳು."

ಪ್ರೇಮಲತಾ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಹೌದ್ರೀ. ಮಂಡಿ ಮ್ಯಾಲೆ ಇಷ್ಟುದ್ದ ಹೊಲಿಗೆ ಗುರ್ತು ಐತೆ. ನಾನು ಹೆತ್ತಾಕಿ, ನನಗೂ ತೋರಿಸ್ಲಿಲ್ಲ." ಹೇಳುತ್ತಲೇ ಹೊಸ್ತಿಲಲ್ಲಿ ಕುಸಿದು ಅತ್ತಳು.

ಆಮೇಲೆ ಪಂಚಾಕ್ಷರಪ್ಪ ತಮ್ಮನ ಭುಜ ಹಿಡಿದರು. "ಆಗಿದ್ದಾತು ಮಲ್ಲಿಕಾರ್ಜುನ. ಒಂದು ಕಾಲು ಚಾಚಿ ಕೂರಿಸಿದ್ರೆ ಊರು ಏನಂತೈತೆ? ಗುರುಗಳ ಮುಂದೆ ಕಾಲು ಚಾಚಬಹುದಾ? ಸತ್ತೋರಿಗೇನು ನೋವಾಗ್ತೈತಾ?"

"ನನಗಾಗ್ತೈತೆ ಅಣ್ಣಾ."

ಎಲ್ಲರೂ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದರು. ಅವರು ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದು ಕೊಂಚ ಯೋಚಿಸಿದರು. "ಮನೆಯೋರು ಹೆಂಗಂತೀರೋ ಹಂಗೆ," ಎಂದು ಜಾರಿಕೊಂಡರು.

"ಆ ಕಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ," ಎಂದ ಮಲ್ಲಿಕಾರ್ಜುನಪ್ಪ.

ಪಂಚಾಕ್ಷರಪ್ಪ ಟವೆಲ್ ಕೊಡವಿ ಹೊರನಡೆದರು. ಅವರ ಹಿಂದೆ ನಾಲ್ಕಾರು ಕುರ್ಚಿಗಳೂ ಖಾಲಿಯಾದವು. ಮಲ್ಲಿಕಾರ್ಜುನಪ್ಪ ಅತ್ತ ನೋಡಲಿಲ್ಲ. ಏನೋ ಹೊಳೆದವನಂತೆ ಚಪ್ಪಲಿಯನ್ನೂ ಮೆಟ್ಟದೆ ರುದ್ರಭೂಮಿಯ ಕಡೆ ಬಿರಬಿರನೆ ಹೆಜ್ಜೆ ಹಾಕಿದ. ವಿನೋದ್ ಹಿಂದೆಯೇ ಓಡಿದ.

ಅಲ್ಲಿ ಕುಣಿ ತಯಾರಾಗಿತ್ತು. ಪದ್ಧತಿಯಂತೆ ಚೌಕಾಗಿ ತೋಡಿ, ಒಂದು ಬದಿಗೆ ಕೂತವರು ಹಿಡಿಯುವಷ್ಟು ಗೂಡು ಕೊರೆದಿದ್ದರು. ಅಗೆದವರು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಮಲ್ಲಿಕಾರ್ಜುನಪ್ಪ ಅಂಚಿಗೆ ಕೈಯೂರಿ ಒಳಗಿಳಿದ.

"ಬದುಕಿರೋರು ಇಳೀಬಾರ್ದು ರೀ! ಮ್ಯಾಲೆ ಬರ್ರಿ!"

ಅವನು ಗೂಡಿನೊಳಗೆ ಬೆನ್ನು ಕೊಟ್ಟು ಕೂತ. ಎಡಗಾಲು ಮಡಚಿದ. ಬಲಗಾಲನ್ನು ಮುಂದಕ್ಕೆ ಚಾಚಿದ. ಕಾಲು ಪೂರ್ತಿ ನೆಟ್ಟಗಾಗುವ ಮೊದಲೇ ಹಿಮ್ಮಡಿ ಎದುರಿನ ಮಣ್ಣಿಗೆ ತಗುಲಿತು.

"ಇಲ್ಲಿಂದ ಮುಂದಕ್ಕೆ ತೆಗೀರಿ," ಎಂದ, ಕಾಲನ್ನು ಕದಲಿಸದೆ. "ಅವಳು ನನಗಿಂತ ಎತ್ತರ."